ಶಾದಿಮಹಲಿನಲ್ಲಿ ರೆಸ್ಲಿಂಗ್

ಅಬ್ಬಾ,

ಚಿಕ್ಕಂದಿನಲ್ಲಿ ನಿಮ್ಮ ತೊಡೆಯ ಮೇಲೆ ಕೂತು ನೋಡುತ್ತಿದ್ದ ರೆಸ್ಲಿಂಗನ್ನು ನೀವು ತೀರಿಕೊಂಡ ಮೇಲೆ ಮತ್ತೆ ನೋಡುತ್ತಿದ್ದೇನೆ. ಟಿವಿಯ ದೊಡ್ಡ ಕಂಪನಿಯದ್ದಲ್ಲ, ಊರೂರು ತಿರುಗುವ ಸಣ್ಣ ತಂಡಗಳದ್ದು. ಇವತ್ತು ಅಂಥದ್ದೊಂದು ತಂಡ ನಮ್ಮ ಶಿರಾದ ಶಾದಿಮಹಲಿನಲ್ಲೇ ರಿಂಗ್ ಹಾಕಿತ್ತು.

ನನ್ನ ಪಕ್ಕದಲ್ಲಿ ಗೌಡಗೆರೆಯ ಅಜ್ಜರೊಬ್ಬರು ಕೂತಿದ್ದರು. ರಿಂಗಿನಲ್ಲಿ ಒಬ್ಬ ಕುರ್ಚಿ ಎತ್ತಿಕೊಂಡು ಇನ್ನೊಬ್ಬನ ಬೆನ್ನ ಹಿಂದೆ ಬಂದಾಗ ಅಜ್ಜ ಎದ್ದುನಿಂತು ಕೂಗಿದರು: "ಲೇ, ಹಿಂದ್ಗಡೆ ನೋಡ್ಲಾ."

ಮುಂದಿನ ಸಾಲಿನ ಹುಡುಗಿ ನಕ್ಕಳು. "ಎಲ್ಲಾ ಮೊದ್ಲೇ ಮಾತಾಡ್ಕೊಂಡಿರ್ತಾರೆ ಕಣಜ್ಜ."

"ಗೊತ್ತು ಕಣವ್ವ. ಅಂಗಂತ ನಾವು ಕೂಗ್ದೆ ಇದ್ಬುಟ್ರೆ ಅವ್ನ್ ಗತಿಯೇನು?"

ಡಿಗ್ರಿಗೆ ಸೇರಿದ ವರ್ಷ ನಾನೂ ನಿಮಗೆ ಆ ಹುಡುಗಿಯ ಮಾತನ್ನೇ ಹೇಳಿದ್ದೆ, ನಿಮ್ಮ ಸ್ನೇಹಿತರ ಎದುರಿಗೇ. ನೀವು "ಹೌದಾ ಬೇಟಾ" ಎಂದು ರಿಮೋಟನ್ನು ನನ್ನ ಕೈಗಿಟ್ಟಿರಿ. ಮತ್ತೆಂದೂ ನನ್ನೆದುರು ರೆಸ್ಲಿಂಗ್ ಹಾಕಲಿಲ್ಲ. ನಿಮಗೆ ತಿಳಿಯದ್ದನ್ನು ತಿಳಿಸಿಕೊಟ್ಟೆ ಎಂದುಕೊಂಡಿದ್ದೆ.

ಮನೆಗೆ ಬಂದು ಅಮ್ಮಿಗೆ ಎಲ್ಲ ಹೇಳಿದೆ. ಅವರು ಈರುಳ್ಳಿ ಹೆಚ್ಚುತ್ತಲೇ ಕೇಳಿಸಿಕೊಂಡರು. ಆಮೇಲೆ ಹೇಳಿದರು, ನಾನು ಕಾಲೇಜಿಗೆ ಹೊರಟ ಮೇಲೆ ನೀವು ದಿನವೂ ರೆಸ್ಲಿಂಗ್ ನೋಡುತ್ತಿದ್ದಿರಂತೆ. ನಾನು ಮನೆಯಲ್ಲಿಲ್ಲದಿದ್ದರೂ ಸೌಂಡ್ ಮಾತ್ರ ಇಡುತ್ತಿರಲಿಲ್ಲವಂತೆ.