ಎಮ್ಮೆಯ ಸಂಗಡ ಹೋದ ಸೊಸೆ

ಸಂತಪುರ, ತಾ. ಔರಾದ
೧೦ ಮೇ ೧೯೮೭

ಹೈದರಾಬಾದಿನಲ್ಲಿರುವ ಮಗ ಮನ್ಮಥನಿಗೆ ಅವ್ವನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಧೂಳು ಕುಡಿದು ಕೆಮ್ಮು ಹತ್ತಿದೆಯೆಂದು ಕೇಳಿದೆ. ಬಿಸಿನೀರಿಗೆ ಅರಿಶಿನ ಹಾಕಿಕೊಂಡು ಕುಡಿ. ತಲೆಗೂ ಏನಾದರೂ ಔಷಧ ಸಿಕ್ಕರೆ ತೆಗೆದುಕೋ. ನಿನ್ನ ವಿಚ್ಛೇದನದ ನೋಟೀಸು ಬಂದು ಮುಟ್ಟಿದೆ.

ಅವ್ವ ಬೀಗರ ಊರಿನಿಂದ ಯಾಕೆ ಬರೆಸುತ್ತಿದ್ದಾಳೆ ಎಂದು ಬೆರಗಾಗಬೇಡ. ಸಾಯಗಾಂವದ ನಮ್ಮ ಬಾವಿ ಹೋಳಿ ಹುಣ್ಣಿಮೆಗೇ ಬತ್ತಿತು. ಬರ ಬಿದ್ದಾಗ ನೀರಿದ್ದ ಬೀಗರ ಮನೆಗೆ ದನ ಕಳಿಸುವುದು ನಮ್ಮಲ್ಲಿ ಹೊಸದೇ? ಆ ಎಮ್ಮೆಯೋ ಸೊಸೆ ಶಿವಕಾಂತಾಳ ಕೈಗಲ್ಲದೆ ಯಾರಿಗೂ ಹಾಲು ಕೊಡದು. ಹೋದ ವರ್ಷ ಅವಳು ನಿನ್ನ ಜೊತೆ ಹೊರಟು ನಿಂತಾಗ ನೀನೇ ಅಂದಿದ್ದೆ, ‘ನೀ ಬಂದ್ರ ಎಮ್ಮಿ ಹಿಂಡೋರು ಯಾರು?’ ಅದೇ ಜಗಳದಲ್ಲಿ ಮುಖ ತಿರುವಿಕೊಂಡು ಹೋದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನೀನು ಅಲ್ಲಿ ಉಣ್ಣುವವನು, ಅವಳು ಇಲ್ಲಿ ಮಲಗುವವಳು, ಜಗಳ ತೀರುವುದು ಹೇಗೆ?

ಎಮ್ಮೆಯ ಸಂಗಡ ಅವಳನ್ನು ತವರಿಗೆ ಕಳಿಸಿದವಳು ನಾನು. ಕೂಲಿಗೆಂದು ಹೈದರಾಬಾದಿಗೆ ಬಂದ ನಮ್ಮೂರ ಪಂಢರಿ, ‘ನಿನ್ನ ಹೆಂಡ್ತಿ ಎಮ್ಮಿ ಹೊಡ್ಕೊಂಡು ತವರಿಗೆ ಹೋದಳಪಾ’ ಎಂದು ಅರ್ಧ ಸುದ್ದಿ ಮುಟ್ಟಿಸಿದ. ಉಳಿದರ್ಧ ಕೇಳುವ ಬದಲು ನೀನು ವಕೀಲನ ಮನೆ ಹುಡುಕಿದೆ!

ನಾನೂ ಶಿವಕಾಂತಾಳೂ ಬಸ್ಸು ಹಿಡಿದು ಬೀದರಿನ ಕುತುಬೋದ್ದೀನ ವಕೀಲರ ಹತ್ತಿರ ಹೋದೆವು. ನೋಟೀಸಿನಲ್ಲಿ ‘ಪರಿತ್ಯಾಗ’ ಎಂದು ಬರೆದಿದೆಯಂತೆ. ‘ಬರೇ ಮನಿ ಬಿಟ್ರ ಪರಿತ್ಯಾಗ ಆಗಂಗಿಲ್ಲರಿ ಅಮ್ಮಾ. ಸರಿಯಾದ ಕಾರಣ ಇರಬಾರದು, ತಿರುಗಿ ಬರೋ ಮನಸ್ಸಿರಬಾರದು, ಮ್ಯಾಲ ಎರಡು ವರ್ಷ ತುಂಬಬೇಕು’ ಎಂದರು. ‘ಕಾರಣ ಸಂತಪುರದಾಗ ಮೇಯ್ಲಾಕತ್ತದರಿ’ ಎಂದೆ. ಸಾಹೇಬರು ಬಾಯಿಗೆ ರುಮಾಲು ಹಿಡಿದರು.

‘ಪರಸ್ಪರ ಒಪ್ಪಿಗೆ’ಯ ವಿಚ್ಛೇದನಕ್ಕೆ ಇಬ್ಬರೂ ಕೂಡಿಯೇ ಅರ್ಜಿ ಹಾಕಬೇಕಂತೆ. ಅಷ್ಟು ಹೊಂದಾಣಿಕೆ ಇದ್ದವರು ಬಿಡುವುದೇಕೆ? ‘ಜೀವನಾಂಶ’ ಅಂದರೆ ದುಡಿಯುವವನು ಹೆಂಡತಿಯ ಹೊಟ್ಟೆಬಟ್ಟೆಗೆ ಕೊಡಬೇಕಾದದ್ದು. ಕೈಲಾಗದ ತಾಯಿಯೂ ಕೇಳಬಹುದಂತೆ. ಈ ಮಾತು ಬಹಳ ಹಿಡಿಸಿತು, ಇನ್ನೊಮ್ಮೆ ಹೇಳಿಸಿಕೊಂಡೆ. ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ ಎಂದರೆ ಬಿಟ್ಟು ಹೋದವರನ್ನು ಕೂಡಿ ಬಾಳಲು ಕರೆಸಿರೆಂದು ಕೋರ್ಟಿಗೆ ಬೇಡುವುದು. ಅದನ್ನು ಕೇಳಬೇಕಾದವಳು ಇವಳು. ಹೈದರಾಬಾದಿಗೆ ಹೋದದ್ದು ನೀನು, ಎಮ್ಮೆಯಲ್ಲ.

ಈಗ ಬೀಗರು ನನ್ನನ್ನೂ ಇಲ್ಲಿಗೆ ಕರೆತಂದಿದ್ದಾರೆ. ನಿನ್ನ ಪ್ರಕಾರ ನಾನೂ ಪರಿತ್ಯಾಗ ಮಾಡಿದವಳೇ, ನನಗೂ ಒಂದು ನೋಟೀಸು ಕಳಿಸು. ನಗೆಮಾತು ಸಾಕು. ಬೀದರಿನಿಂದ ಬರುವಾಗ ಈ ಹುಡುಗಿ ಬಸ್ಸಿನಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು. ನನಗೆ ಇವಳು ಬೇಕು ಮಗನೇ. ನೀನೂ ಬೇಕು.

ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅವ್ವ,
ಶಾಂತಾಬಾಯಿ

ಬಿಟ್ಟುಹೋದ ಮಾತು: ಅತ್ತೆಯವರು ಎಮ್ಮೆಗೆ ನೀರು ಕುಡಿಸಲು ಹೋಗಿದ್ದಾರೆ. ಅಕ್ಷರ ಗುರುತಿಸಿರುತ್ತೀರಿ, ಅವರು ಹೇಳಿದರು, ಬರೆದವಳು ನಾನು, ಶಿವಕಾಂತಾ. ಅತ್ತದ್ದನ್ನು ಬರೆಯಲಾರೆನೆಂದರೂ ಅವರು ಬಿಡಲಿಲ್ಲ. ನಿಮ್ಮನ್ನು ಬೈದದ್ದರಲ್ಲಿ ಅರ್ಧ ನಾನೇ ಬಿಟ್ಟಿದ್ದೇನೆ. ವಕೀಲರು ಬರೆದ ಉತ್ತರಕ್ಕೆ ಇನ್ನೂ ಸಹಿ ಹಾಕಿಲ್ಲ. ನೀವೇ ಬನ್ನಿ. ಹೋಗುವಾಗ ಎರಡು ಟಿಕೇಟು ತೆಗೆಸಿರಿ. ಎಮ್ಮೆ ಈಗ ಅತ್ತೆಯವರ ಕೈಗೂ ಹಾಲು ಕೊಡುತ್ತಿದೆ.