ಸುತ್ತ ಒಂದಿಷ್ಟು ಜಾಗ

ಸೋಮವಾರ, ಊಟದ ಬಿಡುವು

ಪ್ರೀತಿಯ ಅಮ್ಮ,

ಫೋನಿನಲ್ಲಾದರೆ ನಾನೂ ಅಪ್ಪನೂ ಅರ್ಧ ನುಂಗಿಬಿಡುತ್ತೇವೆ, ಆಪರೇಷನ್ ದಿನ ನಡೆದದ್ದನ್ನೆಲ್ಲ ಬರೆದು ಕಳಿಸು ಅಂದೆಯಲ್ಲ, ತಗೋ. ಆದರೆ ಕಥೆಪುಸ್ತಕ ಓದುವ ಹಾಗೆ ಮೊದಲೇ ಕೊನೆಗೆ ಹಾರಬೇಡ.

ಸರ್ಜನ್ ನಿನ್ನ ಎದೆಯ ಗಂಟನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದ ಸಮೇತ ತೆಗೆದು, ಮೇಲು ಯಾವುದು ಪಕ್ಕ ಯಾವುದು ಎಂದು ಗೊತ್ತಾಗಲು ದಾರ ಕಟ್ಟಿ, ನಮ್ಮ ಎಕ್ಸ್‌ರೇ ಕೋಣೆಗೆ ಕಳಿಸಿದರು. ಚಿತ್ರದಲ್ಲಿ ಗಂಟಿನ ಸುತ್ತ ಜಾಗ ಉಳಿದಿದ್ದರೆ ಗೆದ್ದಂತೆ. ಅಂಚಿಗೆ ತಾಗಿದ್ದರೆ ಒಳಗೆ ಇನ್ನೂ ಉಳಿದಿರಬಹುದು. ನಾನು ದಿನವೂ ಮಾಡುವ ಕೆಲಸವೇ. ಆದರೂ ಸ್ವಂತ ಅಮ್ಮನದು ನೀನು ಮುಟ್ಟಬೇಡ ಮಾರಾಯ್ತಿ ಎಂದು ಜೊತೆಯವಳು ನನ್ನನ್ನು ಹಿಂದೆ ತಳ್ಳಿದಳು.

ಚಿತ್ರ ಬಂತು. ನೋಡಿದರೆ ಥೇಟ್ ನೀನು ತೆಗೆದ ಫೋಟೋ! ನಮ್ಮ ಆಲ್ಬಂ ತುಂಬ ಅಪ್ಪನಿಗೆ ತಲೆ ಇಲ್ಲ, ನನಗೆ ಒಂದೇ ಕಿವಿ, ನೆಲ ಮಾತ್ರ ಬೇಕಾದಷ್ಟು. ಇಲ್ಲೂ ಗಂಟು ಮೇಲಂಚಿಗೆ ಹೋಗಿ ಅಂಟಿಕೊಂಡು ಕೂತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ, ಅಲ್ಲೇ ಇತ್ತು. ಆದರೂ ಇದು ನಮ್ಮಮ್ಮನದೇ, ಅನುಮಾನವೇ ಬೇಡ ಅಂತ ಬಾಯಿಂದ ಬಂದುಬಿಟ್ಟಿತು. ಜೊತೆಯವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಕ್ಷಣ ಆಪರೇಷನ್ ಕೋಣೆಗೆ ಫೋನ್ ಮಾಡಿ ಹೇಳಿದೆವು. ನೀನಿನ್ನೂ ಮತ್ತಿನಲ್ಲಿರುವಾಗಲೇ ಸರ್ಜನ್ ಆ ಬದಿಯಲ್ಲಿ ಇನ್ನೊಂದು ಚೂರು ತೆಗೆದು ಕಳಿಸಿದರು. ಅದರ ಚಿತ್ರದಲ್ಲಿ ಏನೂ ಇರಲಿಲ್ಲ. ಖಾಲಿ ಚಿತ್ರ ನೋಡಿ ಇಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿ ಇದೇ ಮೊದಲು.

ಆದರೆ ಲ್ಯಾಬಿನವರು ಹೇಳುವವರೆಗೆ ಕುಣಿಯಬೇಡ ಎಂದಿದ್ದರು ಸರ್ಜನ್. ಇನ್ನೊಮ್ಮೆ ನಿನ್ನನ್ನು ಆ ಮೇಜಿನ ಮೇಲೆ ಮಲಗಿಸಬೇಕಾದರೆ ಎಂಬ ಹೆದರಿಕೆಗೆ ಇಷ್ಟು ದಿನ ಬಾಯಿ ಬಿಡಲಿಲ್ಲ. ಇವತ್ತು ವರದಿ ಬಂತಮ್ಮ. ಸುತ್ತಲೂ ಸ್ವಚ್ಛ. ಮತ್ತೆ ಆಪರೇಷನ್ ಬೇಡ. ಅಳುವುದಿದ್ದರೆ ಅಳು, ನಾನೂ ಅತ್ತುಬಿಟ್ಟೆ.

ಇನ್ನು ಅಪ್ಪ. ಆಪರೇಷನ್ ಮುಗಿಯುವವರೆಗೂ ಕಾಲಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಪೇಪರ್ ಓದುತ್ತಿದ್ದರು ಎಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ.

ಒಂದೇ ಕಿವಿಯ
ನಿನ್ನ ಮಗಳು

ತಾ.ಕ.: ಜೊತೆಗೊಂದು ಫೋಟೋ ಇಟ್ಟಿದ್ದೇನೆ. ಎರಡನೇ ಚಿತ್ರಕ್ಕೆ ಕಾಯುವಾಗ ಹೊರಗೆ ಇಣುಕಿ, ಅಪ್ಪನಿಗೆ ಗೊತ್ತಾಗದ ಹಾಗೆ ತೆಗೆದದ್ದು. ಅಪ್ಪನ ತಲೆ ಹೋಗಿದೆ, ನಿನ್ನ ಮಗಳೇ ತಾನೇ. ಆದರೆ ನೀನು ಬಿಟ್ಟುಹೋದ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ಕೂತಿರುವುದು ಮಾತ್ರ ಪೂರ್ತಿ ಬಂದಿದೆ.