ದರ್ಶನನ ತಿಥಿಗೆ ಖಡ್ಗಪಾತ್ರೆ ಬೇಡ

ಚಿಕ್ಕಮಗಳೂರು
೧೨ ಸೆಪ್ಟೆಂಬರ್ ೨೦೦೩

ನಮ್ಮ ಮನೆಯವರಿಗೆ ವಿಮಲಳ ನಮಸ್ಕಾರ.

ಅಕ್ಕನ ಮನೆಗೆ ಬಂದು ವಾರವಾಯಿತು. ಕಳಸದಲ್ಲಿ ಬಸ್ಸು ಹತ್ತುವಾಗ ನಿಮಗೊಂದು ಮಾತು ಹೇಳಲಿಲ್ಲ, ಹೇಳಿದ್ದರೆ ಮತ್ತೆ ಜಗಳವೇ. ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ನೀವು ಸರಿಯಾಗಿ ಊಟ ಮಾಡುತ್ತಿದ್ದೀರೋ ಇಲ್ಲವೋ ಎಂಬ ಯೋಚನೆ ಬಿಡುವುದಿಲ್ಲ.

ದರ್ಶನನ ವರ್ಷದ ತಿಥಿ ಹತ್ತಿರ ಬಂತು. ಮಗ ಅಪ್ಪನಿಗೆ ಬಿಡಬೇಕಾದ ನೀರನ್ನು ಅಪ್ಪ ಮಗನಿಗೆ ಬಿಡಬೇಕು. ಅದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ನಿಮ್ಮ ಅಜ್ಜನ ಕಾಲದ ಖಡ್ಗಪಾತ್ರೆಯಲ್ಲೇ ಬಿಡುತ್ತೇನೆ ಎಂದಿರಲ್ಲ, ಖಡ್ಗಮೃಗದ ಕೊಂಬು ಕಡೆದು ಮಾಡಿದ ಪಾತ್ರೆಯಲ್ಲಿ. ಅದರಲ್ಲಿ ಬಿಟ್ಟ ನೀರು ಸತ್ತವರಿಗೆ ಎಂದೂ ಬತ್ತುವುದಿಲ್ಲವಂತೆ. ನನ್ನ ಮಗನಿಗೆ ಕಡಿಮೆಯದು ಯಾಕೆ ಎಂದು ಕೇಳಿದಿರಿ.

ಆದರೆ ಅವನು ಸತ್ತದ್ದು ಯಾವುದಕ್ಕೆ? ಅಸ್ಸಾಮಿನ ಕಾಡಿನಲ್ಲಿ ಗಾರ್ಡುಗಳ ಜೊತೆ ಆ ಪ್ರಾಣಿಗಳನ್ನು ಕಾಯುತ್ತಿದ್ದವನನ್ನು ಕೊಂಬು ಕದಿಯಲು ಬಂದವರು ಗುಂಡು ಹೊಡೆದು ಕೊಂದರು.

ರಜೆಗೆ ಬಂದಾಗಲೆಲ್ಲ ನಿಮ್ಮಿಬ್ಬರ ವಾದ ಉಂಡ ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಕಾಫಿ ಗಿಡ ಪ್ರೂನಿಂಗ್ ಮಾಡಿದ ಹಾಗೆ ಕೊಂಬು ಕೊಯ್ದರಾಯ್ತು ಮಾರಾಯ, ಮತ್ತೆ ಬೆಳೀತದೆ, ಸರ್ಕಾರವೇ ಮಾರಲಿ, ಕಾವಲಿಗೆ ದುಡ್ಡಾಗ್ತದೆ ಎಂದು ನೀವು. ಅಂಗಡಿ ಒಮ್ಮೆ ತೆರೆದರೆ ಕದ್ದದ್ದೂ ಅಲ್ಲೇ ಬಂದು ಕೂರ್ತದೆ ಅಪ್ಪಯ್ಯ, ಯಾವುದು ಎಲ್ಲಿಂದ ಬಂತು ಅಂತ ಯಾರು ನೋಡ್ತಾರೆ ಎಂದು ಅವನು. ಮಜ್ಜಿಗೆ ಬಡಿಸುತ್ತ ನಾನು ಒಮ್ಮೆ ನಿಮ್ಮ ಕಡೆ, ಒಮ್ಮೆ ಅವನ ಕಡೆ. ಯಾರದು ಸರಿ ಎಂದು ನನಗೆ ಈಗಲೂ ಗೊತ್ತಿಲ್ಲ. ಆದರೆ ದೊಡ್ಡವನಾದ ಮೇಲೆ ಅವನು ಆ ಪಾತ್ರೆಯನ್ನು ಮುಟ್ಟಿದವನೇ ಅಲ್ಲ. ಬದುಕಿದ್ದಾಗ ಮುಟ್ಟದ್ದರಲ್ಲಿ ಸತ್ತ ಮೇಲೆ ನೀರು ಕುಡಿಸುವುದೇ?

ತಾಮ್ರದ ಪಾತ್ರೆಯಲ್ಲಿ ಬಿಡಿ. ಪುರೋಹಿತರು ಏನೂ ಅನ್ನುವುದಿಲ್ಲ. ಹಿಂದಿನ ದಿನವೇ ನಾನು ಬರುತ್ತೇನೆ, ಅವನಿಗೆ ಇಷ್ಟದ ಉದ್ದಿನ ವಡೆ ನಾನೇ ಮಾಡಬೇಕು.

ಸಿಟ್ಟಿನಲ್ಲೂ ನಿಮ್ಮವಳೇ,
ವಿಮಲ

ಮೇಲೆ ಬರೆಯದೆ ಬಿಟ್ಟದ್ದು: ದೇವರ ಕೋಣೆಯಲ್ಲಿ ಪಾತ್ರೆ ಹುಡುಕಬೇಡಿ. ಬರುವಾಗ ನಾನೇ ತಂದೆ. ಇಂಥ ವಸ್ತು ಇಟ್ಟುಕೊಂಡವರು ತಿಳಿಸಬೇಕೆಂದು ಸರ್ಕಾರ ಈ ವರ್ಷ ಹೇಳಿದೆಯಲ್ಲ, ನಿನ್ನೆ ಇಲ್ಲಿಯ ಅರಣ್ಯ ಕಚೇರಿಗೆ ಕೊಟ್ಟುಬಿಟ್ಟೆ. ಮನೆತನದ ವಸ್ತು ಯಾಕೆ ಕೊಡ್ತೀರಿ ಅಮ್ಮ ಎಂದು ಆಫೀಸರು ಕೇಳಿದರು. ದರ್ಶನನ ವಿಷಯ ಹೇಳಿ, ಅವನ ಹೆಸರಲ್ಲಿ ಅವನ ಅಪ್ಪನೇ ಕಳಿಸಿದ್ದಾರೆ ಎಂದೆ. ಅವರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ನಿಮ್ಮನ್ನು ಕೇಳಿದರೆ ಹೌದು ಎನ್ನಿ.